ಬಿಡಿ ಹಾಳೆ

ಅರಸೀಕೆರೆ ಸ್ಟೇಷನ್ನಿನಿಂದ ಕೊಬ್ಬರಿ ಮಂಡಿಗೆ ತಿರುಗುವ ಮೂಲೆಯಲ್ಲಿ
ಅಬ್ಬನ ಬೈಂಡಿಂಗ್ ಅಂಗಡಿ. ಬೋರ್ಡಿರಲಿಲ್ಲ.
ಗೋಂದಿನ ವಾಸನೆಯೇ ವಿಳಾಸ.

ಮೈದಾ ಹಿಟ್ಟು, ಚಿಟಿಕೆ ಮೈಲುತುತ್ತ, ಕುದಿನೀರು.
ವರ್ತಕರ ಖಾತೆ ಪುಸ್ತಕ, ತಾಲ್ಲೂಕು ಕಚೇರಿಯ ರಿಜಿಸ್ಟರು,
ಹೈಸ್ಕೂಲಿನ ಹಾಜರಿ.
ಊರಿನ ಸಾಲ, ಊರಿನ ಜಮೀನು, ಊರಿನ ಮಕ್ಕಳು
ಒಂದೇ ಒತ್ತುಮಣೆಯ ಕೆಳಗೆ
ಒಂದು ರಾತ್ರಿ ಒಟ್ಟಿಗೆ ಮಲಗಿ ಏಳುತ್ತಿದ್ದವು.

ಶಾಬಾನ್ ತಿಂಗಳಿಗೆ ಮಾತ್ರ ಬೇರೆ ಪಾತ್ರೆ.
ಅದಕ್ಕೆ ವಿಷ ಹಾಕುವಂತಿಲ್ಲ, ಬೇವಿನ ಕಷಾಯ.
ವಜೂ ಮಾಡಿ, ಕೈ ಪೂರ್ತಿ ಒಣಗುವವರೆಗೆ ಸುಮ್ಮನೆ ಕೂತು,
ಮಸೀದಿಯಿಂದ ಬಂದ ಹರಿದ ಸಿಪಾರಗಳನ್ನು
ತೊಡೆಯ ಮೇಲಲ್ಲ, ಎತ್ತರದ ಮಣೆಯ ಮೇಲಿಟ್ಟು ಹೊಲಿಯುತ್ತಿದ್ದ.

ನಾನಾಗ ಆರನೇ ಕ್ಲಾಸು.
ದಾರದ ಉಂಡೆ ಹಿಡಿದು ಮದರಸಾದ ಪಾಠ ಒಪ್ಪಿಸುತ್ತಿದ್ದೆ:
ತೌರಾತ್ ಮೂಸಾರಿಗೆ...
ಅಬ್ಬ ನಡುವೆ ಬಾಯಿ ಹಾಕಿದ.
‘ಬೆಟ್ಟದಿಂದ ಹಲಗೆ ಹೊತ್ತು ಇಳಿದವರು
ಜನರನ್ನು ನೋಡಿ ಸಿಟ್ಟಿಗೆ ಕೆಳಗೆ ಹಾಕಿಬಿಟ್ಟರಂತೆ.
ಮೂಲೆ ಜಜ್ಜಿರಬೇಕು.’
ಅವನ ಹೆಬ್ಬೆರಳು ತಾನಾಗಿ ರಟ್ಟಿನ ಅಂಚನ್ನು ಸವರಿತು.
‘ಆಮೇಲೆ ತಾವೇ ಬಗ್ಗಿ ಎತ್ತಿಕೊಂಡರು. ಅದನ್ನೂ ಹೇಳಿಕೊಟ್ಟರಾ?’

ಜಬೂರ್ ದಾವೂದರಿಗೆ.
‘ಕಬ್ಬಿಣ ಅವರ ಕೈಯಲ್ಲಿ ಮೇಣ. ಅಂಥವರಿಗೆ ದಬ್ಬಳ ಯಾಕೆ?
ಅವರು ದನಿ ಎತ್ತಿದರೆ ಬೆಟ್ಟಗಳೂ ಸೊಲ್ಲು ಸೇರಿಸುತ್ತಿದ್ದವು.’
ಹೊರಗೆ ಗೂಡ್ಸ್ ಗಾಡಿ ಶಂಟಿಂಗ್ ಆಗುತ್ತಿತ್ತು,
ಕೂಗಿತು.
ನಾವಿಬ್ಬರೂ ಒಂದು ಗಳಿಗೆ ಕಿವಿಗೊಟ್ಟು ಕೂತೆವು, ಉತ್ತರ ಬಂದೀತೆಂದು.

ಇಂಜೀಲ್ ಈಸಾರಿಗೆ.
ಇದಕ್ಕೆ ಅಬ್ಬ ಏನೂ ಹೇಳಲಿಲ್ಲ.
ಹೋದ ವರ್ಷ ಎಸ್ತೇರಮ್ಮ ಟೀಚರು
ಬೆನ್ನು ಕಿತ್ತ ತಮ್ಮ ಗ್ರಂಥವನ್ನು ಸೆರಗಲ್ಲಿ ಸುತ್ತಿ ತಂದಿದ್ದರು.
‘ಇದಕ್ಕೂ ಬೇರೆ ಪಾತ್ರೆಯಾ?’ ಎಂದು ನಾನು ಕೇಳುವಾಗ
ಅವನಾಗಲೇ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ.

ಕೊನೆಯದು ನಮ್ಮ ಪ್ರವಾದಿಯವರಿಗೆ.
‘ಎಲುಬಿನ ಮೇಲೆ, ತೊಗಲಿನ ಮೇಲೆ,
ಖರ್ಜೂರದ ಗರಿಯ ದಿಂಡಿನ ಮೇಲೆ ಬರೆದಿಟ್ಟರಂತೆ.
ನಮ್ಮೂರಾಗಿದ್ದರೆ ಹೆಡೆಮಟ್ಟೆ.’
ನಕ್ಕ. ಹಲ್ಲಲ್ಲಿ ದಾರ ಕತ್ತರಿಸಿದ.

‘ಉಸ್ತಾದರು ಇನ್ನೊಂದು ಹೇಳಿದರು, ಅಬ್ಬಾ.
ಇವೆಲ್ಲಕ್ಕಿಂತ ಮುಂಚೆ ಇಬ್ರಾಹೀಮರಿಗೂ ಇಳಿದಿತ್ತು. ಸುಹುಫ್.
ಅಂದರೆ ಹಾಳೆಗಳು.’
‘ಹಾಳೆ?’
‘ಹೂಂ. ಈಗ ಯಾರ ಹತ್ತಿರವೂ ಇಲ್ಲವಂತೆ.’

ಸೂಜಿ ನಿಂತಿತು.
ನಮಾಜಿನಲ್ಲಿ ಆ ಪದ ಎಷ್ಟು ಸಾವಿರ ಸಲ ಅವನ ನಾಲಗೆ ದಾಟಿತ್ತೋ,
ಹಾಳೆ ಎಂದು ಕೇಳಿಸಿದ್ದು ಅವತ್ತೇ.
‘ಬಿಡಿ ಹಾಳೆಯಾ?’
‘ಇರಬೇಕು.’
‘ಯಾರೂ ಹೊಲಿದಿಡಲಿಲ್ಲವಾ?’
ಕೊಟ್ಟ ಕೆಲಸ ಮುಗಿಸದೆ ಊರು ಬಿಟ್ಟ
ತನ್ನದೇ ಕಸುಬಿನ ಯಾರನ್ನೋ ಬೈದಂತಿತ್ತು.
ಆ ರಾತ್ರಿ ಊಟಕ್ಕೆ ಕೂತು ಇನ್ನೊಮ್ಮೆ ಕೇಳಿದ:
‘ಎಷ್ಟಿದ್ದವಂತೆ?’

ಆಮೇಲೆ ಅವನಿಗೊಂದು ಗೀಳು ಹತ್ತಿತು.
ಪ್ಲಾಟ್‌ಫಾರಮ್ಮಿನ ಗಾಳಿಗೆ ಹಾರುವ ಕಾಗದ ಕಂಡರೆ,
ಟಿಕೆಟ್ಟೋ, ಲಾಟರಿಯೋ, ಬೋಂಡಾ ಸುತ್ತಿದ ಜಿಡ್ಡಿನ ಚೂರೋ,
ಎತ್ತಿ, ಎರಡೂ ಮಗ್ಗುಲು ನೋಡಿ, ಜೇಬಿಗಿಡುವುದು.
ಒಗೆಯುವಾಗ ಅಮ್ಮಿ ಶಪಿಸುತ್ತಿದ್ದಳು.

ಅವನು ಹೋಗಿ ನಲವತ್ತನೇ ದಿನಕ್ಕೆ ಅಂಗಡಿ ಖಾಲಿ ಮಾಡಿದೆವು.
ಅಟ್ಟದಲ್ಲಿ ಹಳೇ ಲುಂಗಿ ಸುತ್ತಿದ ಕಟ್ಟು:
ಒಂದೇ ಅಳತೆಗೆ ಕತ್ತರಿಸಿದ ಬಿಳಿ ಹಾಳೆಗಳು,
ಬೆನ್ನಿಗೆ ಐದೈದು ತೂತು. ದಾರವಿಲ್ಲ.
ಪಕ್ಕದಲ್ಲಿ ರಟ್ಟು, ಹಸಿರು ಕ್ಯಾಲಿಕೋ, ಹೆಸರಿಲ್ಲ.

ಅವಕ್ಕೇ ಎಂದು ತೆಗೆದಿಟ್ಟನೋ
ಅಥವಾ ತಾಲ್ಲೂಕು ಕಚೇರಿಯವರು ದುಡ್ಡು ಕೊಡದೆ ಬಿಟ್ಟ ಆರ್ಡರೋ,
ಕೇಳೋಣವೆಂದರೆ ಯಾರಿದ್ದಾರೆ.
ನನಗೆ ಹೊಲಿಗೆ ಬರುತ್ತದೆ. ಹೊಲಿದಿಲ್ಲ.

ಬೀರುವಿನ ಮೇಲಿನ ಅರೆಯಲ್ಲಿದೆ, ಹಾಗೇ.
ಒಂದರ ಮೇಲೆ ಮಾತ್ರ, ಯಾವುದೋ ಅವಸರದ ಬೆಳಿಗ್ಗೆ,
ಕೈಗೆ ಸಿಕ್ಕಿತೆಂದು
ಹಾಲಿನ ಲೆಕ್ಕ ಬರೆದುಬಿಟ್ಟಿದ್ದೇನೆ.